ಬೈಪಾಸ್ ತಡವಾದರೆ ಖರ್ಚು ಯಾರದು?

ಹುಬ್ಬಳ್ಳಿ-ಧಾರವಾಡ ಬೈಪಾಸ್ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಹುಬ್ಬಳ್ಳಿ ಬದಿಯ ಗಬ್ಬೂರಿನಿಂದ ಧಾರವಾಡದ ಆಚೆಗಿನ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್ ಉದ್ದ. ಬೆಂಗಳೂರು ಕಡೆಯಿಂದ ಪುಣೆ, ಮುಂಬೈಗೆ ಹೋಗುವ ಲಾರಿಗಳು ಎರಡು ಊರುಗಳ ಒಳಗೆ ಬರದೆ ಹೊರಗಿನಿಂದಲೇ ದಾಟಲಿ ಎಂದು ಇದನ್ನು ಮಾಡಿದರು. ಇದೇ ರಸ್ತೆಯ ಬದಿಯಲ್ಲಿ ನಮ್ಮ ಅಬ್ಬಾ ಅವರ ಪಂಕ್ಚರ್ ಅಂಗಡಿ ಇದೆ. ಹಾಗಾಗಿ ಈ ರಸ್ತೆ ಅಗಲವಾಗುತ್ತದೆ ಎಂಬ ಮಾತನ್ನು ನಾನು ಚಿಕ್ಕಂದಿನಿಂದಲೂ ಕೇಳಿಕೊಂಡೇ ಬೆಳೆದಿದ್ದೇನೆ.

ಬೈಪಾಸ್ ಕಟ್ಟುವ ಕಾಲಕ್ಕೆ ಎರಡು ಪಥ ಸಾಕು ಎನಿಸಿರಬೇಕು. ಆಮೇಲೆ ಸುವರ್ಣ ಚತುಷ್ಪಥ ಯೋಜನೆ ಬಂತು. ಹಾವೇರಿ ಕಡೆಗೂ ಬೆಳಗಾವಿ ಕಡೆಗೂ ಹೆದ್ದಾರಿ ನಾಲ್ಕು ಪಥವಾಯಿತು, ನಡುವೆ ಡಿವೈಡರ್ ಬಂತು. ಮಧ್ಯದ ಈ 30 ಕಿಲೋಮೀಟರ್ ಮಾತ್ರ ಎರಡೇ ಪಥವಾಗಿ ಉಳಿಯಿತು. ಅಗಲ ರಸ್ತೆಯಲ್ಲಿ ವೇಗವಾಗಿ ಬಂದ ಗಾಡಿ ಇಲ್ಲಿಯೂ ಅದೇ ವೇಗದಲ್ಲಿ ಇನ್ನೊಂದನ್ನು ಹಿಂದಿಕ್ಕಲು ನೋಡುತ್ತಿತ್ತು. ಆದರೆ ಇಲ್ಲಿ ಹಿಂದಿಕ್ಕಬೇಕೆಂದರೆ ಎದುರಿನಿಂದ ಬರುವ ಗಾಡಿಯ ಜಾಗಕ್ಕೆ ಹೋಗಬೇಕಿತ್ತು. ಈ ರಸ್ತೆಗೆ 'ಸಾವಿನ ಹೆದ್ದಾರಿ' ಎಂಬ ಹೆಸರು ಬಂದದ್ದು ಹೀಗೆ.

2021ರ ಜನವರಿ 15ರಂದು ಧಾರವಾಡದ ಹತ್ತಿರ ಇಟಿಗಟ್ಟಿ ಬಳಿ ಮಿನಿ ಬಸ್ಸಿಗೂ ಟಿಪ್ಪರ್‌ಗೂ ಡಿಕ್ಕಿಯಾಯಿತು. ದಾವಣಗೆರೆಯಿಂದ ಗೋವಾ ಪ್ರವಾಸಕ್ಕೆ ಹೊರಟಿದ್ದ, ಶಾಲೆಯ ಕಾಲದಿಂದ ಗೆಳತಿಯರಾಗಿದ್ದ ಹೆಂಗಸರು ಅದರಲ್ಲಿದ್ದರು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಲವೇ ವಾರಗಳಲ್ಲಿ ಅವರ ಮನೆಯವರು ಅದೇ ಜಾಗಕ್ಕೆ ಬಂದು, ರಸ್ತೆ ಅಗಲ ಮಾಡಿ ಎಂದು ಪ್ರತಿಭಟನೆ ಮಾಡಿದರು. ನಮ್ಮ ಅವಳಿ ನಗರದ ರಸ್ತೆಗಾಗಿ ದಾವಣಗೆರೆಯ ಜನ ಬಂದು ಬಿಸಿಲಿನಲ್ಲಿ ನಿಲ್ಲಬೇಕಾಯಿತು ಎಂಬುದು ನನಗೆ ಈಗಲೂ ಚುಚ್ಚುತ್ತದೆ.

ಎಲ್ಲರಿಗೂ ಗೊತ್ತಿದ್ದ ತೊಂದರೆಯನ್ನು ಇಷ್ಟು ವರ್ಷ ಯಾಕೆ ಸರಿಪಡಿಸಲಿಲ್ಲ? ಅದರ ಉತ್ತರ ನನಗೆ ಸ್ವಲ್ಪ ಮಟ್ಟಿಗೆ ಸಿಕ್ಕಿದ್ದು ಕಾಮರ್ಸ್ ಓದಲು ಶುರು ಮಾಡಿದ ಮೇಲೆ. ಈ ಬೈಪಾಸ್ ಬಿಒಟಿ ಪದ್ಧತಿಯಲ್ಲಿ ಕಟ್ಟಿದ ರಸ್ತೆ. ಅಂದರೆ ಖಾಸಗಿಯವರು ಹಣ ಹಾಕಿ ಕಟ್ಟುತ್ತಾರೆ, ಒಪ್ಪಂದದ ಅವಧಿ ಮುಗಿಯುವವರೆಗೆ ಟೋಲ್ ವಸೂಲಿ ಮಾಡುತ್ತಾರೆ, ಕೊನೆಗೆ ಸರ್ಕಾರಕ್ಕೆ ಒಪ್ಪಿಸುತ್ತಾರೆ. ಈ ರಸ್ತೆಯ ಒಪ್ಪಂದ ಆದದ್ದು 1990ರ ದಶಕದ ಕೊನೆಯಲ್ಲಿ. ಅದರ ಅವಧಿ 2024ರವರೆಗೆ ಇತ್ತು.

ಇದನ್ನು ಒಬ್ಬ ವ್ಯಾಪಾರಿಯ ಜಾಗದಲ್ಲಿ ನಿಂತು ಲೆಕ್ಕ ಹಾಕಿ ನೋಡಿ. ಒಪ್ಪಂದ ಮುಗಿಯಲು ಕೆಲವೇ ವರ್ಷ ಉಳಿದಿವೆ. ಈಗ ಹೊಸದಾಗಿ ದೊಡ್ಡ ಬಂಡವಾಳ ಹಾಕಿದರೆ ಉಳಿದ ವರ್ಷಗಳ ಟೋಲ್‌ನಲ್ಲಿ ಅದು ವಾಪಸ್ ಬರುವುದಿಲ್ಲ. ಹಾಗಾದರೆ ಯಾರು ಹಾಕುತ್ತಾರೆ? ಸರ್ಕಾರವೇ ನಡುವೆ ಬಂದು ಅಗಲ ಮಾಡುತ್ತೇನೆ ಎಂದರೆ, ಬಾಕಿ ಅವಧಿಯ ಟೋಲ್ ಆದಾಯದ ಪ್ರಶ್ನೆ ಏಳುತ್ತದೆ. ಒಪ್ಪಂದ ಬರೆಯುವಾಗಲೇ 'ವಾಹನಗಳು ಇಂತಿಷ್ಟು ಹೆಚ್ಚಾದರೆ ರಸ್ತೆ ಅಗಲ ಮಾಡಲೇಬೇಕು, ಅದರ ಖರ್ಚು ಇವರದು' ಎಂಬ ಬಿಗಿ ಷರತ್ತು ಇರದಿದ್ದರೆ, ಗಾಡಿಗಳು ಹೆಚ್ಚಾದಷ್ಟೂ ಟೋಲ್ ಹೆಚ್ಚುತ್ತದೆ, ರಸ್ತೆ ಮಾತ್ರ ಇದ್ದಷ್ಟೇ ಇರುತ್ತದೆ. 25 ವರ್ಷದ ಕರಾರಿಗೆ ಸಹಿ ಹಾಕುವವರು 25 ವರ್ಷದ ನಂತರದ ರಸ್ತೆಯನ್ನೂ ನೋಡಬೇಕು.

ಇನ್ನು ರಾಜಕೀಯ. ರಾಷ್ಟ್ರೀಯ ಹೆದ್ದಾರಿ ಎಂದರೆ ಕೇಂದ್ರ ಸರ್ಕಾರ. ಭೂಸ್ವಾಧೀನಕ್ಕೆ ಬರುವವರು ರಾಜ್ಯದ ಕಂದಾಯ ಅಧಿಕಾರಿಗಳು. ಒಪ್ಪಂದದ ಅವಧಿಯಲ್ಲಿ ಟೋಲ್ ತೆಗೆದುಕೊಳ್ಳುತ್ತಿದ್ದವರು ಖಾಸಗಿಯವರು. ಮೂರು ಜನರ ಕೈಯಲ್ಲಿ ಒಂದು ಕೆಲಸ ಇದ್ದರೆ, ಕೇಳಿದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಸುಲಭ. ಕೊನೆಗೆ 2022ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಆರು ಪಥದ ಕಾಮಗಾರಿಗೆ ಹುಬ್ಬಳ್ಳಿಯಲ್ಲಿ ಅಡಿಗಲ್ಲು ಹಾಕಿದರು. 2023ರಲ್ಲಿ ವಿಧಾನಸಭೆ ಚುನಾವಣೆ ಬಂತು, 2024ರಲ್ಲಿ ಲೋಕಸಭೆ ಚುನಾವಣೆ ಬಂತು. ಅಡಿಗಲ್ಲಿನ ಮೇಲೆ ಹಾಕಿದ ದಿನಾಂಕ ಇರುತ್ತದೆ, ಹಾಕಿದವರ ಹೆಸರಿರುತ್ತದೆ. ಕೆಲಸ ಮುಗಿಸುವ ದಿನಾಂಕ ಮಾತ್ರ ಅದರ ಮೇಲೆ ಇರುವುದಿಲ್ಲ.

ತಡಕ್ಕೆಲ್ಲ ರಾಜಕೀಯವೇ ಕಾರಣ ಎಂದು ನಾನು ಹೇಳುವುದಿಲ್ಲ. ಗಾಡಿಗಳು ಓಡುತ್ತಿರುವ ರಸ್ತೆಯನ್ನು ಮುಚ್ಚಿ ಕೆಲಸ ಮಾಡಲು ಆಗುವುದಿಲ್ಲ. ಕರೆಂಟ್ ಕಂಬ, ನೀರಿನ ಪೈಪು ಸರಿಸಬೇಕು. ಒಂದು ಬದಿಯಲ್ಲಿ ಸೇತುವೆ ಕಟ್ಟುವಾಗ ಇನ್ನೊಂದು ಬದಿಯಲ್ಲಿ ಗಾಡಿ ಬಿಡಬೇಕು. ಇದನ್ನು ಯಾರಾದರೂ ಜನರಿಗೆ ತಿಳಿಸಿ ಹೇಳಿದರೆ ಜನ ಕಾಯುತ್ತಾರೆ. ಕಾಯುವುದು ಕಷ್ಟವಾಗುವುದು ಎಷ್ಟು ದಿನ ಎಂದು ಗೊತ್ತಿಲ್ಲದಾಗ.

ನಮ್ಮ ಅಂಗಡಿಯನ್ನೇ ನೋಡಿ. ಜಾಗ ಬಾಡಿಗೆಯದು. ಪಕ್ಕದ ಗೋಡೆಯ ಮೇಲೆ ಅಳತೆಯವರು ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಸರ್ವಿಸ್ ರಸ್ತೆ ಅಲ್ಲಿಯವರೆಗೆ ಬರುತ್ತದೆ ಎನ್ನುತ್ತಾರೆ, ಯಾವಾಗ ಎಂದು ಹೇಳುವುದಿಲ್ಲ. ಅಂಗಡಿ ಉಳಿಯುತ್ತದೋ ಇಲ್ಲವೋ ತಿಳಿಯದೆ ಅಬ್ಬಾ ಟೈರ್ ಬಿಚ್ಚುವ ಮಷಿನ್ ತೆಗೆದುಕೊಳ್ಳುವುದನ್ನು ಮುಂದೂಡುತ್ತಲೇ ಬಂದಿದ್ದಾರೆ. ಮಷಿನ್ ಕೂರಿಸಲು ಕಾಂಕ್ರೀಟ್ ಹಾಕಬೇಕು, ಆಮೇಲೆ ಕಿತ್ತುಕೊಂಡು ಹೋಗುವುದು ಎಲ್ಲಿಗೆ? ಅದಕ್ಕೇ ಇವತ್ತಿಗೂ ಲಾರಿ ಟೈರನ್ನು ಸುತ್ತಿಗೆ, ಹಾರೆಯಿಂದಲೇ ಬಿಚ್ಚುತ್ತಾರೆ. ರಾತ್ರಿ ಅಮ್ಮಿ ಅವರ ಭುಜಕ್ಕೆ ಎಣ್ಣೆ ಹಚ್ಚುತ್ತಾರೆ. "ಭಾಯಿ, ಈ ರೋಡ್ ಯಾವಾಗ ಮುಗೀತೈತಿ?" ಎಂದು ಡ್ರೈವರ್‌ಗಳು ಕೇಳಿದರೆ, "ನಾನೂ ಅದನ್ನ ಕೇಳಾಕತ್ತೀನ್ರಿ" ಎಂದು ಅಬ್ಬಾ ನಗುತ್ತಾರೆ.

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ ಅದು. ರಸ್ತೆ ತಡವಾದಾಗ ಕಾಮಗಾರಿಯ ಖರ್ಚು ಎಷ್ಟು ಹೆಚ್ಚಾಯಿತು ಎಂಬುದು ಸರ್ಕಾರದ ಕಡತದಲ್ಲಿ ಬರುತ್ತದೆ. ಕೊಳ್ಳದೆ ಉಳಿದ ಮಷಿನ್ ಯಾವ ಕಡತದಲ್ಲೂ ಬರುವುದಿಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಆಂಬುಲೆನ್ಸ್, ಮಾರುಕಟ್ಟೆಗೆ ತಡವಾಗಿ ಮುಟ್ಟಿದ ತರಕಾರಿ, ಇಟಿಗಟ್ಟಿಯಲ್ಲಿ ಹೋದ ಜೀವಗಳು ಕೂಡ ಬರುವುದಿಲ್ಲ. ತಡ ಎಂದರೆ ಏನೂ ಆಗದೆ ಕಳೆದ ಕಾಲವಲ್ಲ. ಅಷ್ಟು ಕಾಲವೂ ಯಾರೋ ಹಣ ಕಟ್ಟುತ್ತಲೇ ಇರುತ್ತಾರೆ, ಅವರಿಗೆ ರಸೀದಿ ಮಾತ್ರ ಸಿಗುವುದಿಲ್ಲ.

ಅಂಗಡಿ ಹೋದರೂ ರಸ್ತೆ ಆಗಲಿ ಎಂದೇ ಅಬ್ಬಾ ಹೇಳುತ್ತಾರೆ. ಅಪಘಾತವಾದಾಗ ಮೊದಲು ಓಡುವವರಲ್ಲಿ ಅವರೂ ಒಬ್ಬರು, ನೋಡಬಾರದ್ದನ್ನು ನೋಡಿದ್ದಾರೆ. ಅವರು ಕೇಳುವುದು ದಿನಾಂಕವನ್ನು ಮಾತ್ರ. ಅದು ಗೊತ್ತಾದರೆ ಬೇರೆ ಜಾಗ ಹುಡುಕಬಹುದು, ಮಷಿನ್ ಕೊಳ್ಳಬಹುದು, ನನ್ನ ಬಿ.ಕಾಂ. ಫೀಸಿನ ಲೆಕ್ಕವನ್ನೂ ಹಾಕಬಹುದು.

2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಅಬ್ಬಾ ಹೆಸರಿನಲ್ಲಿ ನಾನೇ ಅರ್ಜಿ ಬರೆದಿದ್ದೇನೆ, ಅವರು ಸಹಿ ಹಾಕಿದ್ದಾರೆ. ಅದರಲ್ಲಿ ಮೂರು ಪ್ರಶ್ನೆಗಳಿವೆ. ಒಪ್ಪಂದದಲ್ಲಿ ಕೆಲಸ ಮುಗಿಸಬೇಕಾದ ದಿನಾಂಕ ಯಾವುದು? ಅದನ್ನು ಎಷ್ಟು ಸಲ, ಯಾವ ಕಾರಣಕ್ಕೆ ಮುಂದೆ ಹಾಕಲಾಗಿದೆ? ತಡಕ್ಕೆ ಯಾರಿಗಾದರೂ ದಂಡ ಹಾಕಲಾಗಿದೆಯೇ? ನಿಮ್ಮ ಊರಿನ ಹತ್ತಿರವೂ ಅರ್ಧಕ್ಕೆ ನಿಂತ ರಸ್ತೆ ಇದ್ದರೆ ಇದೇ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಿ. ಮುಂದಿನ ವರ್ಷ ನಮ್ಮಲ್ಲಿ ಬಹಳ ಜನರಿಗೆ 18 ತುಂಬುತ್ತದೆ. ಓಟು ಕೇಳಲು ಬಂದವರ ಮುಂದೆಯೂ ಇದೇ ಪ್ರಶ್ನೆಗಳನ್ನು ಇಡಬಹುದು.