ಇಪ್ಪತ್ತೈದು ಕುದುರೆಗಳ ಹಿಮ್ಮುಖ ಸವಾರಿ

"ಭಾವ, ಪಕ್ಕದ ಮನೆ ಅಜ್ಜಿ ಫೋನು. ಅಜ್ಜ ಬಿದ್ಬುಟ್ಟವ್ರಂತೆ!"

ಬಾಮೈದ ಕೂಗುವ ಹೊತ್ತಿಗೆ ನಾನು ಒದ್ದೆ ಬೂಟು ಬಿಚ್ಚಿ ಹೀಟರ್ ಮುಂದೆ ಕಾಲು ಚಾಚಿದ್ದೆ. ಅದೇ ಬೂಟಿಗೆ ಮತ್ತೆ ಕಾಲು ತುರುಕಿ ಇಬ್ಬರೂ ಓಡಿದೆವು. ಓಡಿದೆವು ಅನ್ನುವುದು ಬರೀ ಮಾತಿಗೆ. ಎದೆಮಟ್ಟದ ಹಿಮದಲ್ಲಿ ಕೈಯಿಂದ ಬಗೆಯುತ್ತ, ಮೊಣಕಾಲಲ್ಲಿ ತುಳಿಯುತ್ತ ಪಕ್ಕದ ಮನೆ ಸೇರುವಷ್ಟರಲ್ಲೇ ಅರ್ಧ ಉಸಿರು ಹೋಗಿತ್ತು.

ಎಪ್ಪತ್ತು ದಾಟಿದ ಜೀವ. ಬಾಗಿಲ ಮುಂದಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಿದ್ದರು. ಮುಖ ಬಿಳಿಚಿಕೊಂಡಿತ್ತು. ಆ ಕೊರೆಯುವ ಚಳಿಯಲ್ಲೂ ಹಣೆಯ ಮೇಲೆ ಬೆವರು! ಇಬ್ಬರೂ ಸೇರಿ ಒಳಗೆ ಎತ್ತಿ ಮಲಗಿಸಿದೆವು. ಅಜ್ಜಿ ಅಷ್ಟರಲ್ಲೇ ತುರ್ತುಸೇವೆಯ 911ಕ್ಕೆ ಕರೆ ಮಾಡಿ, ಅವರು ಹೇಳಿದಂತೆ ಆಸ್ಪಿರಿನ್ ಮಾತ್ರೆಯೊಂದನ್ನು ಅಗಿಸಿದ್ದರು. ಫೋನಿನ ಆ ತುದಿಯವರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: ದೊಡ್ಡ ಲೋಡರ್ ಮುಂದೆ ದಾರಿ ಬಿಡಿಸುತ್ತದೆ, ಹಿಂದೆ ಆಂಬುಲೆನ್ಸ್ ಬರುತ್ತದೆ, ಆದರೆ ಮುಖ್ಯರಸ್ತೆಯವರೆಗೆ ಮಾತ್ರ. ನಿಮ್ಮ ಓಣಿಯೊಳಕ್ಕೆ ನುಗ್ಗುವುದಕ್ಕೆ ಆಗುವುದಿಲ್ಲ.

ಮುಖ್ಯರಸ್ತೆಗೆ ಅಲ್ಲಿಂದ ಮುನ್ನೂರು ಮೀಟರು. ಬೇಸಿಗೆಯಲ್ಲಾದರೆ ನಾಲ್ಕು ನಿಮಿಷದ ನಡಿಗೆ.

ಅದು 2014ರ ನವೆಂಬರ್ 18, ಮಂಗಳವಾರ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಆಗ್ನೇಯಕ್ಕಿರುವ ಎಲ್ಮಾ ಎಂಬ ಊರಿನ ಹೊರವಲಯ. ಸೋಮವಾರ ಸಂಜೆ ಶುರುವಾದ ಹಿಮ ನಿಂತಿರಲೇ ಇಲ್ಲ. ಈರಿ ಸರೋವರದ ಉದ್ದ ಸುಮಾರು 388 ಕಿಲೋಮೀಟರು. ನವೆಂಬರಿನಲ್ಲಿ ಅದರ ನೀರಿಗೆ ಬೇಸಿಗೆಯ ಬಿಸಿ ಇನ್ನೂ ಒಂದಿಷ್ಟು ಉಳಿದಿರುತ್ತದೆ. ಉತ್ತರದಿಂದ ಇಳಿದ ಕಡುಶೀತದ ಗಾಳಿ ಆ ಉದ್ದಕ್ಕೂ ತೇವ ಹೀರಿಕೊಂಡು ಬಂದು, ದಡ ಮುಟ್ಟಿದ ಕೂಡಲೇ ಎಲ್ಲವನ್ನೂ ಒಂದು ಕಿರಿದಾದ ಪಟ್ಟಿಯಲ್ಲಿ ಸುರಿದುಬಿಡುತ್ತದೆ. ಆ ಪಟ್ಟಿಯ ಅಂಚು ಎಷ್ಟು ಚೂಪಾಗಿತ್ತೆಂದರೆ, ಬಫಲೋದ ಉತ್ತರ ಭಾಗದವರು ನೆಟ್ಟಗೆ ನಿಂತು ನಮ್ಮ ಮೇಲೆದ್ದ ಮೋಡದ ಗೋಡೆಯ ಫೋಟೋ ತೆಗೆಯುತ್ತಿದ್ದರು. ಅವರಿಗೆ ಬಿದ್ದದ್ದು ಕೆಲವೇ ಇಂಚು. ನಮಗೆ ಕೆಲವು ಗಂಟೆ ಇಂಚಿನ ಲೆಕ್ಕ ಮರೆತು ಅಡಿಯಲ್ಲೇ ಎಣಿಸುವ ಹಾಗಾಗಿತ್ತು. ಹಿಮ ಸುರಿಯುತ್ತಿರುವಾಗಲೇ ಗುಡುಗು, ಮಿಂಚು ಬೇರೆ. ಬೆಳಿಗ್ಗೆ ಟ್ರ್ಯಾಕ್ಟರಿನಿಂದ ತೆಗೆದಿದ್ದ ದಾರಿ ಮಧ್ಯಾಹ್ನದ ಊಟದ ಹೊತ್ತಿಗೆ ಹೇಳಹೆಸರಿಲ್ಲದೆ ಮುಚ್ಚಿಹೋಗಿತ್ತು.

ಶೆಡ್ಡಿನಲ್ಲಿ ನಿಂತಿದ್ದದ್ದು 25 ಅಶ್ವಶಕ್ತಿಯ ಪುಟ್ಟ ಡೀಸೆಲ್ ಟ್ರ್ಯಾಕ್ಟರು. ಕ್ಯಾಬಿನ್ ಇಲ್ಲ. ಮುಂದೆ ಲೋಡರ್ ಬಕೆಟ್, ಹಿಂದೆ ಹಿಮ ಕಿತ್ತು ದೂರಕ್ಕೆ ಉಗುಳುವ ಐದಡಿ ಅಗಲದ ಸ್ನೋಬ್ಲೋವರ್, ಹಿಂಗಾಲಿಗಳಿಗೆ ಕಬ್ಬಿಣದ ಸರಪಳಿ. ಮದ್ದೂರಿನ ನಮ್ಮ ಗದ್ದೆಯಲ್ಲಿ ಕೇಜ್ ವೀಲ್ ಕಟ್ಟಿ ಕೆಸರು ಹೊಡೆದು ಬೆಳೆದವನು ನಾನು. ಟ್ರ್ಯಾಕ್ಟರ್ ಹೊಸದಲ್ಲ. ಹಿಂದಕ್ಕೇ ಓಡಿಸುವ ಕೆಲಸ ಮಾತ್ರ ಅಮೆರಿಕದಲ್ಲೇ ಕಲಿತದ್ದು. ಬ್ಲೋವರನ್ನು ಮುಂದೆ ಕೂರಿಸಬೇಕಾದರೆ ಬೇರೆ ಚೌಕಟ್ಟು, ಬೇರೆ ಶಾಫ್ಟು, ಸಾವಿರಾರು ಡಾಲರ್ ಹೆಚ್ಚು. ಹಿಂದೆ ಕೂರಿಸಿದರೆ ಊರಿನಲ್ಲಿ ರೋಟವೇಟರ್ ತಿರುಗಿಸುವ ಅದೇ ಪಿಟಿಒ ಶಾಫ್ಟು ಸಾಕು. ಕತ್ತನ್ನು ಹಿಂದಕ್ಕೆ ತಿರುಚಿಕೊಂಡೇ ಇಡೀ ಚಳಿಗಾಲ ಕಳೆಯಬೇಕು, ಅಷ್ಟೇ.

ಗ್ಲೋ ಪ್ಲಗ್ ಕಾಯುವ ಆ ಕೆಲವು ಸೆಕೆಂಡು ಯುಗವಾಯಿತು. ಕೀಲಿ ತಿರುಗಿಸಿದೆ. ಕರಕರ ಎಂದಿತು, ಹೊಗೆ ಉಗುಳಿತು, ಹತ್ತಿಕೊಂಡಿತು!

ಅಜ್ಜನ ಬಾಗಿಲಿನವರೆಗಿನ ತುಣುಕನ್ನು ಮೊದಲು ಬಿಡಿಸಿ, ಓಣಿಗೆ ಹಿಂಬದಿ ಕೊಟ್ಟು ನಿಂತೆ. ಬಾಮೈದ ಟಾರ್ಚು ಹಿಡಿದು, ಉದ್ದನೆಯ ಕೋಲೊಂದರಲ್ಲಿ ಹಿಮ ಚುಚ್ಚುತ್ತ ನನ್ನ ಬಲಕ್ಕೆ ದೂರದಲ್ಲಿ ಸಾಗಬೇಕು. ದಾರಿಯ ಎರಡೂ ಕಡೆ ಚರಂಡಿ. ಗುರುತಿಗೆ ನೆಟ್ಟಿದ್ದ ಕಡ್ಡಿಗಳು ಮುಳುಗಿ ಹೋಗಿದ್ದವು.

"ಬ್ಲೋವರ್ ಹಿಂದಕ್ಕೆ ಮಾತ್ರ ಬರಬ್ಯಾಡ ಕಣೋ!"

"ಗೊತ್ತು ಭಾವ, ನೀವು ಬಿಡಿ!"

ಹಿಮ ಕೀಳುವುದು ಶಕ್ತಿಯ ಕೆಲಸ ಅಂದುಕೊಂಡವರೇ ಹೆಚ್ಚು. ಅಲ್ಲ, ಅದು ತಾಳ್ಮೆಯ ಕೆಲಸ, ಅದರಲ್ಲೂ ಜೀವವೊಂದು ಬಾಗಿಲಲ್ಲಿ ಕಾಯುವಾಗ ಆ ತಾಳ್ಮೆ ಕೊಲ್ಲುತ್ತದೆ. ಎಂಜಿನ್ ಪೂರ್ತಿ ಗರ್ಜಿಸಬೇಕು, ಪಿಟಿಒ ನಿಮಿಷಕ್ಕೆ 540 ಸುತ್ತಿನಿಂದ ಕೆಳಗಿಳಿಯಬಾರದು. ಚಕ್ರ ಮಾತ್ರ ತೆವಳಬೇಕು. ಪೆಡಲನ್ನು ಒಂದು ಕೂದಲೆಳೆ ಹೆಚ್ಚು ಒತ್ತಿದರೆ ಬ್ಲೋವರಿನ ಬಾಯಲ್ಲಿ ತಿರುಗುವ ಸುರುಳಿಯಲಗು ಆಗರ್‌ಗೆ ತಿನ್ನಲಾರದಷ್ಟು ಹಿಮ ತುಂಬಿಕೊಂಡು ಎಂಜಿನ್ ಏದುಸಿರು ಬಿಡುತ್ತದೆ. ಸಾಲದ್ದಕ್ಕೆ ಬ್ಲೋವರಿನ ಬಾಯಿ ಎರಡಡಿಯಷ್ಟೇ ಎತ್ತರ, ಹಿಮ ಅದರ ಎರಡು ಪಟ್ಟು. ನೇರ ನುಗ್ಗಿದರೆ ಮೇಲಿನದು ಕುಸಿದು ನನ್ನ ಬೆನ್ನ ಮೇಲೇ ಬೀಳುತ್ತದೆ. ಆದ್ದರಿಂದ ಬ್ಲೋವರನ್ನು ಮೇಲೆತ್ತಿ ಮೊದಲು ಮೇಲಿನ ಪದರ. ಒಂದಾಳುದ್ದ ಹಿಂದೆ ಹೋಗು, ಮುಂದೆ ಬಾ, ಕೆಳಗಿಳಿಸು, ಕೆಳಗಿನ ಪದರ ತಿನ್ನು. ಮತ್ತೆ ಎತ್ತು. ಮತ್ತೆ ಇಳಿಸು. ನಡುವೆ ಮಿಂಚಿದಾಗ ಇಡೀ ಓಣಿ ನೀಲಿಯಾಗಿ ಬೆಳಗಿ ಮತ್ತೆ ಕತ್ತಲಾಗುತ್ತಿತ್ತು. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಬ್ಲೋವರ್ ಉಗುಳಿದ ಹಿಮದ ಒಂದು ಪಾಲು ಮರಳಿ ನನ್ನ ಮುಖಕ್ಕೇ ರಾಚುತ್ತಿತ್ತು. ಕೊಳವೆಯನ್ನು ಗಾಳಿ ಹೋಗುವ ಕಡೆಗೆ ತಿರುಗಿಸಿದೆ. ರೆಪ್ಪೆಗಳು ಅಂಟಿಕೊಳ್ಳತೊಡಗಿದ್ದವು, ಒರೆಸುವುದಕ್ಕೆ ಕೈ ಬಿಡುವಿರಲಿಲ್ಲ.

ಅರ್ಧ ದಾರಿ ದಾಟಿರಬಹುದು. ಟಕ್!

ಆಗರ್ ನಿಂತಿತು. ಒಳಗಿನ ಫ್ಯಾನು ಮಾತ್ರ ಬುರ್ರೆನ್ನುತ್ತಿತ್ತು. ಕಸ ಒಯ್ಯುವ ದಿನವೆಂದು ಯಾರೋ ಹಿಂದಿನ ಸಂಜೆಯೇ ಇಟ್ಟಿದ್ದ ಹಳೇ ಪತ್ರಿಕೆಗಳ ಕಟ್ಟು ಹಿಮದಡಿ ಹೂತುಹೋಗಿತ್ತು, ಬ್ಲೋವರ್ ಅದನ್ನೇ ಬಾಯಿಗೆ ಹಾಕಿಕೊಂಡಿತ್ತು. ಶಿಯರ್ ಬೋಲ್ಟ್ ತುಂಡು. ಅದಿರುವುದೇ ತುಂಡಾಗುವುದಕ್ಕೆ. ಬೇಕೆಂದೇ ಮೆತ್ತನೆ ಉಕ್ಕಿನಲ್ಲಿ ಮಾಡಿರುತ್ತಾರೆ. ಕಲ್ಲೋ ಕಟ್ಟಿಗೆಯೋ ಸಿಕ್ಕಾಗ ನಾಕಾಣೆಯ ಬೋಲ್ಟು ಸತ್ತು ದುಬಾರಿ ಗೇರುಪೆಟ್ಟಿಗೆ ಉಳಿಯುತ್ತದೆ. ಅವಸರಕ್ಕೆ ಗಟ್ಟಿ ಬೋಲ್ಟು ತುರುಕುವವರನ್ನು ನೋಡಿದ್ದೇನೆ. ಮುಂದಿನ ಕಲ್ಲಿಗೆ ಗೇರುಪೆಟ್ಟಿಗೆಯೇ ಒಡೆದಿರುತ್ತದೆ.

ಪಿಟಿಒ ಆಫ್. ಎಂಜಿನ್ ಆಫ್. ಕೀಲಿ ಜೇಬಿಗೆ. ಒಮ್ಮೆಲೇ ಕವಿದ ನಿಶ್ಶಬ್ದದಲ್ಲಿ ಬಾಮೈದ ಒದ್ದೆ ಕಾಗದವನ್ನು ಕೈಹಾಕಿ ಎಳೆಯಲು ಬಗ್ಗಿದ.

"ಕೈ ಹಾಕ್ಬ್ಯಾಡ! ಕೋಲಲ್ಲಿ ತಗಿ!"

ನಿಂತ ಯಂತ್ರವೂ ಸಿಕ್ಕಿಬಿದ್ದದ್ದು ಸಡಿಲಾದ ಕ್ಷಣ ಗಕ್ಕನೆ ತಿರುಗಬಹುದು, ಬೆರಳುಗಳನ್ನು ಹಾಗೆ ಕಳೆದುಕೊಂಡವರು ಈ ನಾಡಿನಲ್ಲಿ ಎಷ್ಟೋ ಜನ. ಕೋಲು ಆಡಿಸಿ ಆಡಿಸಿ ಕಾಗದದ ಮುದ್ದೆ ಕಿತ್ತ. ಬಿಡಿ ಬೋಲ್ಟುಗಳ ಪೊಟ್ಟಣ ಸೀಟಿನ ಕೆಳಗಿತ್ತು. ಗ್ಲೌಸು ಹಾಕಿಕೊಂಡರೆ ನಟ್ಟು ಹಿಡಿತಕ್ಕೆ ಸಿಗದು, ಬಿಚ್ಚಿದರೆ ತಣ್ಣನೆಯ ಕಬ್ಬಿಣಕ್ಕೆ ಚರ್ಮ ಅಂಟುತ್ತದೆ. ಬಿಚ್ಚಿದೆ. ಎರಡು ತೂತು ಒಂದೇ ಸಾಲಿಗೆ ಬರುವವರೆಗೆ ಅವನು ಆಗರನ್ನು ಕೋಲಿನಿಂದ ಮೀಟಿದ, ಮುರಿದ ಚೂರನ್ನು ನಾನು ಸುತ್ತಿಗೆಯಲ್ಲಿ ಹೊಡೆದು ಹೊರಗಟ್ಟಿದೆ. ಒಂದು ನಟ್ಟು ಜಾರಿ ಹಿಮದಲ್ಲಿ ಮಾಯವಾಯಿತು. ಇನ್ನೊಂದನ್ನು ತುಟಿಯ ನಡುವೆ ಹಿಡಿದು ಬೋಲ್ಟು ತೂರಿಸಿದೆ. ಬಿಗಿಯಿತು.

ಹೊರಡು!

ಎಡಗಾಲಿ ಚರಂಡಿಯ ಕಡೆ ಜಾರಿದ್ದು ಇದಾದ ಮೇಲೆ. ಟ್ರ್ಯಾಕ್ಟರು ವಾಲಿತು. ಬಾಮೈದನ ಕೂಗು ಗಾಳಿಯಲ್ಲಿ ಹರಿದುಹೋಯಿತು. ಮುಂದಿನ ಬಕೆಟ್ಟನ್ನು ತಟ್ಟನೆ ನೆಲಕ್ಕೊತ್ತಿ, ಅದರ ಅಂಚಿನಿಂದ ಇಡೀ ಟ್ರ್ಯಾಕ್ಟರನ್ನು ತಳ್ಳಿಸಿಕೊಂಡೆ. ಸರಪಳಿ ಒಮ್ಮೆ ಸುಮ್ಮನೆ ಸುತ್ತಿತು, ಎರಡನೇ ಬಾರಿ ಕಚ್ಚಿತು, ಗಾಲಿ ಡಾಂಬರು ಹತ್ತಿತು. ಲೋಡರ್ ಇರುವುದು ಹಿಮ ಎತ್ತುವುದಕ್ಕಿಂತ ಹೆಚ್ಚಾಗಿ ಇಂಥ ಗಳಿಗೆಗೆ ಎಂದು ನನ್ನ ನಂಬಿಕೆ.

ಮುಖ್ಯರಸ್ತೆ ತಲುಪಿದಾಗ ಅಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಹಳದಿ ದೀಪವೊಂದು ತಿರುಗುತ್ತಿತ್ತು. ಕಾಯುವಂತಿಲ್ಲ. ಬಾಮೈದನನ್ನು ಟಾರ್ಚಿನೊಂದಿಗೆ ಅಲ್ಲೇ ಬಿಟ್ಟು, ಬ್ಲೋವರ್ ಎತ್ತಿ, ಈ ಸಲ ಮುಖ ಮುಂದೆ ಮಾಡಿ ವಾಪಸು ಓಡಿಸಿದೆ. ಆಗ ತಾನೇ ಬಿಡಿಸಿದ ದಾರಿಯಲ್ಲಿ ಆಗಲೇ ಮತ್ತೆ ಗೇಣುದ್ದ ಹಿಮ!

ಮೊಮ್ಮಕ್ಕಳು ಜಾರಾಡುವ ಪ್ಲಾಸ್ಟಿಕ್ ಸ್ಲೆಡ್ಡನ್ನು ಅಜ್ಜಿ ಬಾಗಿಲಿಗೆ ತಂದಿಟ್ಟಿದ್ದರು. ಅಜ್ಜನನ್ನು ಕಂಬಳಿಯಲ್ಲಿ ಸುತ್ತಿ, ತಲೆಯನ್ನು ಎತ್ತರಕ್ಕಿಟ್ಟು, ಮೇಲೆ ಟಾರ್ಪಾಲು ಹೊದಿಸಿ ಬಿಗಿದೆವು. ಬಕೆಟ್ಟಿನಲ್ಲಿ ಮನುಷ್ಯರನ್ನು ಕೂರಿಸಬಾರದು. ಹಗ್ಗವನ್ನು ಲೋಡರಿನ ಕೊಕ್ಕೆಗೆ ಕಟ್ಟಿದೆ. ಈಗ ಟ್ರ್ಯಾಕ್ಟರು ಹಿಂದಕ್ಕೆ ಹೋದಂತೆ ಬ್ಲೋವರ್ ಹೊಸ ಹಿಮ ಕೀಳುತ್ತದೆ, ಸ್ಲೆಡ್ಡು ನನ್ನ ಹೆಡ್‌ಲೈಟಿನ ಬೆಳಕಿನಲ್ಲೇ ಹಿಂಬಾಲಿಸುತ್ತದೆ. ಒಂದು ಕಣ್ಣು ಹಿಂದೆ, ಒಂದು ಕಣ್ಣು ಮುಂದೆ. ಅಜ್ಜಿ ಸ್ಲೆಡ್ಡಿನ ಹಿಂದೆ ತಡವರಿಸುತ್ತ ನಡೆದರು, ಒಮ್ಮೆ ಬಿದ್ದರು, ನಾನು ನಿಲ್ಲಿಸುವಷ್ಟರಲ್ಲಿ ಎದ್ದು ಕೈಬೀಸಿದರು: ಹೋಗು, ಹೋಗು!

ಅಜ್ಜ ಕಣ್ಣು ಮುಚ್ಚಿದರು.

ಪೆಡಲ್ ಒತ್ತಬೇಕೆಂದು ಕಾಲು ಹೆಣಗಾಡಿತು. ಒತ್ತಲಿಲ್ಲ. ಒತ್ತಿದ್ದರೆ ಇನ್ನೊಂದು ಬೋಲ್ಟು, ಇನ್ನೊಂದು ನಿಲುಗಡೆ. ತೆವಳಿದೆ. ಕೊನೆಯ ತಿರುವಿನಲ್ಲಿ ಬೆನ್ನ ಹಿಂದೆ ಹಳದಿ ಬೆಳಕು ಅಗಲವಾಯಿತು, ಅಗ್ನಿಶಾಮಕ ದಳದವರು ಸೊಂಟದ ಹಿಮದಲ್ಲಿ ನುಗ್ಗಿ ಬಂದು ಸ್ಲೆಡ್ಡನ್ನು ಇಡಿಯಾಗಿ ಎತ್ತಿಕೊಂಡರು. ಒಬ್ಬಾತ ಅಜ್ಜನ ಕಿವಿಗೆ ಬಾಯಿಟ್ಟು ಏನೋ ಕೇಳಿದ. ಅಜ್ಜ ಬೈದರು. ಬೈಗುಳ ಸ್ಪಷ್ಟವಾಗಿ ಕೇಳಿಸಿತು!

ಬುಧವಾರ ರಾತ್ರಿ ಎರಡನೇ ಅಲೆ ಬಂತು. ಎರಡೂ ಸೇರಿ ಹತ್ತಿರದ ಕೌಲ್ಸ್‌ವಿಲ್‌ನಲ್ಲಿ 88 ಇಂಚು ಬಿದ್ದದ್ದು ದಾಖಲಾಯಿತು. ರಾಜ್ಯದ ಮುಖ್ಯ ಹೆದ್ದಾರಿ 132 ಮೈಲುದ್ದಕ್ಕೆ ಮುಚ್ಚಿತ್ತು. ನಯಾಗರ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಬಸ್ಸು ಅದರಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡಿತ್ತು. ಆ ಬಿರುಗಾಳಿ ಬಲಿ ತೆಗೆದುಕೊಂಡವರಲ್ಲಿ ಹಲವರು ಸತ್ತದ್ದು ಹೃದಯಾಘಾತದಿಂದ, ಹಿಮ ಎತ್ತುವಾಗ. ಚಳಿಗೆ ರಕ್ತನಾಳ ಕುಗ್ಗುತ್ತದೆ, ಸಲಿಕೆಯ ಭಾರಕ್ಕೆ ರಕ್ತದೊತ್ತಡ ಏರುತ್ತದೆ, ಎರಡರ ನಡುವೆ ಹೃದಯ ಸಿಕ್ಕಿಕೊಳ್ಳುತ್ತದೆ.

ವಾರಾಂತ್ಯಕ್ಕೆ ಹವೆ ಬೆಚ್ಚಗಾಗಿ ಮಳೆಯ ಮುನ್ಸೂಚನೆ ಬಂದಾಗ ಆಸ್ಪತ್ರೆಯಿಂದ ಅಜ್ಜನ ಫೋನು. ಸ್ಟೆಂಟ್ ಹಾಕಿದ್ದಾರಂತೆ. ದನಿ ಮಾತ್ರ ಎಂದಿನದೇ.

"ಹಿಮ ಮಳೆನೀರು ಕುಡಿದು ಭಾರವಾದರೆ ನನ್ನ ಗ್ಯಾರೇಜಿನ ಮಾಡು ಕುಸಿಯುತ್ತೆ. ಅದನ್ನ ಇಳಿಸಿದ್ದೀರಾ ಇಲ್ಲವಾ?"

ಇಳಿಸಿರಲಿಲ್ಲ. ಬಾಮೈದ ಆಗಲೇ ಉದ್ದನೆ ಹಿಡಿಯ ರೇಕು ಹುಡುಕುತ್ತಿದ್ದ.