ತಂತಿಗೇಕೆ ಹುರಿ?

ಮಕ್ಕಳೇ, ಕನಕಪುರದ ನಮ್ಮ ಮನೆ ಹಳೆಯ ಕಾಲದ್ದು. ಕಲ್ಲು ಮಣ್ಣಿನ ಗೋಡೆಗಳು ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಆದರೆ 2020ರಲ್ಲಿ ಶಾಲೆಗಳು ಮುಚ್ಚಿ, ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಗಳ ಪಾಠಗಳು ಕಂಪ್ಯೂಟರಿಗೆ ಬಂದಾಗ ಈ ಗೋಡೆಗಳೇ ಅಡ್ಡಿಯಾದವು. ಅಂತರಜಾಲ ಹಂಚುವ ರೂಟರ್ ಇದ್ದದ್ದು ನಡುಮನೆಯಲ್ಲಿ. ಅಲ್ಲೇ ಕಾಯಿಲೆಯಿಂದ ಮಲಗಿದ್ದ ನಮ್ಮತ್ತೆಯವರಿಗೆ ಸದ್ದು ಆಗುತ್ತಿರಲಿಲ್ಲ. ಮಗಳು ಹಿಂದಿನ ಕೋಣೆಗೆ ಹೋದರೆ ಪಾಠ ನಿಂತು ನಿಂತು ಬರುತ್ತಿತ್ತು. ವೈಫೈ ಎಂಬುದು ರೇಡಿಯೊ ಅಲೆ. ದಪ್ಪ ಗೋಡೆ ಅದರ ಶಕ್ತಿಯನ್ನು ಹೀರಿಬಿಡುತ್ತದೆ.

ಹಾಗಾಗಿ ರೂಟರಿನಿಂದ ಆ ಕೋಣೆಗೆ ತಂತಿಯನ್ನೇ ಎಳೆಸಿದೆವು. 18 ಮೀಟರ್ ಸಾಕಾಯಿತು. ಇಂಥ ತಾಮ್ರದ ತಂತಿಯನ್ನು 100 ಮೀಟರಿನವರೆಗೂ ಬಳಸಬಹುದು. ಕೆಲಸಕ್ಕೆ ಬಂದವರು, "ಕರೆಂಟ್ ವೈರಿನ ಪೈಪಲ್ಲೇ ಇದನ್ನೂ ಎಳೆದುಬಿಡ್ತೀನಿ ಮೇಡಂ, ಗೋಡೆ ಕೊರೆಯೋದು ತಪ್ಪುತ್ತೆ" ಎಂದರು. ನಾನು ಒಪ್ಪಲಿಲ್ಲ. ಆ ಪೈಪಿನಲ್ಲಿರುವುದು 230 ವೋಲ್ಟ್! ಹೊದಿಕೆಗಳು ಉಜ್ಜಿ ಸವೆದರೆ ಆ ವಿದ್ಯುತ್ತು ಮೇಜಿನ ಮೇಲಿನ ಕಂಪ್ಯೂಟರಿಗೂ, ಮುಟ್ಟಿದವರ ಕೈಗೂ ಬಂದೀತು. ಖರ್ಚಾದರೂ ಸರಿ ಎಂದು ಬೇರೆಯೇ ಪೈಪು ಹಾಕಿಸಿದೆ.

ಉಳಿದ ತುಂಡಿನ ಸಿಪ್ಪೆ ಸುಲಿದು ಮಗಳಿಗೆ ತೋರಿಸಿದೆ. ಒಳಗೆ 8 ಎಳೆಗಳು. ಕಿತ್ತಳೆ, ಹಸಿರು, ನೀಲಿ, ಕಂದು. ಒಂದೊಂದಕ್ಕೂ ಬಿಳಿ ಬಣ್ಣ ಬೆರೆತ ಒಂದು ಜೊತೆ. ಪ್ರತಿ ಜೋಡಿಗೂ ಹುರಿ ಹಾಕಿದೆ. ರೇಷ್ಮೆ ಎಳೆಗೆ ಹುರಿ ಹಾಕುವುದು ಗಟ್ಟಿಯಾಗಲೆಂದು, ಇದನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಬೇಕಿಲ್ಲ. ತಾಮ್ರಕ್ಕೇಕೆ?

ಸುತ್ತಲಿನ ಮೋಟಾರು, ವಿದ್ಯುತ್ ತಂತಿಗಳ ಪ್ರಭಾವದಿಂದ ಎಳೆಗಳಲ್ಲಿ ಬೇಡದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಗದ್ದಲ ಎನ್ನೋಣ. ಹುರಿ ಇದ್ದರೆ ಒಮ್ಮೆ ಈ ಎಳೆ, ಒಮ್ಮೆ ಆ ಎಳೆ ಗದ್ದಲದ ಕಡೆಗೆ ಬರುತ್ತದೆ. ಹೀಗೆ ಎರಡರ ಮೇಲೂ ಅದು ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ತುದಿಯಲ್ಲಿರುವ ಯಂತ್ರವೋ, ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ನೀವೂ ನಿಮ್ಮ ಗೆಳತಿಯೂ ಒಂದೇ ಬೆಂಚು ಹತ್ತಿ ನಿಂತರೆ ನಿಮ್ಮಿಬ್ಬರ ಎತ್ತರದ ವ್ಯತ್ಯಾಸ ಬದಲಾಗುವುದೇ? ಇಲ್ಲ ತಾನೆ! ಹಾಗೆಯೇ ಗದ್ದಲ ಕಳೆದುಹೋಗಿ ಪಾಠ ಉಳಿಯುತ್ತದೆ.

ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಆದ್ದರಿಂದಲೇ ಈ ತಂತಿಯ ತುಂಡುಗಳನ್ನು ಕೈಯಿಂದ ತಿರುಚಿ, ಟೇಪು ಸುತ್ತಿ ಉದ್ದ ಮಾಡಬಾರದು. ಜೋಡಣೆಯ ಬಳಿ ಹುರಿ ಬಿಚ್ಚಿದಷ್ಟೂ ಗದ್ದಲ ನುಗ್ಗುತ್ತದೆ. ತುದಿಗೆ ಪ್ಲಗ್ ಕೂರಿಸುವಾಗಲೂ ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚುವುದಿಲ್ಲ.

ಎಲ್ಲಿಗೂ ಜೋಡಿಸಿರದ, ಬಿಸಾಡಿದ ತುಂಡು ಸಿಕ್ಕರೆ ಶಿಕ್ಷಕರ ಎದುರಿನಲ್ಲಿ ಬಿಚ್ಚಿ ನೋಡಿ. 10 ಸೆಂಟಿಮೀಟರಿನಲ್ಲಿ ಪ್ರತಿ ಜೋಡಿಗೆ ಎಷ್ಟು ಸುತ್ತು ಎಂದು ಎಣಿಸಿ. ನಾಲ್ಕೂ ಜೋಡಿಗಳಿಗೆ ಒಂದೇ ಲೆಕ್ಕ ಬರುವುದಿಲ್ಲ. ಪಕ್ಕಪಕ್ಕದಲ್ಲೇ ಇರುವ ಜೋಡಿಗಳು ಒಂದರ ಮಾತು ಇನ್ನೊಂದಕ್ಕೆ ಸೋರದಿರಲೆಂದು ಹುರಿಯನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿರುತ್ತಾರೆ.