ಸೆರಗೇ ಕೂಸಾಗುವ ಹೊತ್ತು

ಒಬ್ಬಳೇ ನಿಂತು ಆಡುವ ನಾಟಕದಲ್ಲಿ ನನಗೆ ಬಲು ಇಷ್ಟವಾದದ್ದು ಕತ್ತಿ ಹಿಡಿಯುವ ಗಳಿಗೆಯಲ್ಲ, ಅದನ್ನು ಕೆಳಗಿಟ್ಟ ಮೇಲಿನದು. ನಾನು ಆಡುವುದು ಬೆಳವಡಿ ಮಲ್ಲಮ್ಮನನ್ನು. 1670ರ ದಶಕದ ಕೊನೆಯಲ್ಲಿ ದಕ್ಷಿಣ ದಿಗ್ವಿಜಯ ಮುಗಿಸಿ ಮರಳುತ್ತಿದ್ದ ಶಿವಾಜಿ ಮಹಾರಾಜರ ಸೈನ್ಯವನ್ನು ತಡೆದು ನಿಲ್ಲಿಸಿದವಳು. ಆ ಸೈನ್ಯ ಅವಳ ಕೋಟೆಗೆ ಹಾಕಿದ ಮುತ್ತಿಗೆ 27 ದಿನ ನಡೆಯಿತೆಂದು ಮರಾಠಿಯ ಹಳೆಯ ಚರಿತ್ರೆ ಸಭಾಸದ ಬಖರೇ ಹೇಳುತ್ತದೆ. ಗಂಡ ಈಶಪ್ರಭು ಬಿದ್ದ ಮೇಲೂ ಹೆಂಗಸರ ಪಡೆ ಕಟ್ಟಿಕೊಂಡು ಕಾದಿದಳೆಂಬುದು ನಮ್ಮ ಕಡೆಯ ಮಾತು.

ನನ್ನ ತವರು ಬೈಲಹೊಂಗಲ, ಕೊಟ್ಟ ಮನೆ ಮಹಾರಾಷ್ಟ್ರದ ಕಾಗಲ. ಕೊಲ್ಹಾಪುರದ ಶಾಹೂ ಮಹಾರಾಜರು ಹುಟ್ಟಿದ ಘಾಟಗೆ ಮನೆತನದ ಊರಿದು. ಇಲ್ಲಿ ಶಿವಾಜಿಯೆಂದರೆ ದೇವರಮನೆಯ ಹೆಸರು. ಆ ಊರಲ್ಲಿ ಮಲ್ಲಮ್ಮನನ್ನು ಆಡಬೇಕಾದರೆ ಯಾರನ್ನೂ ಸಣ್ಣವರನ್ನಾಗಿ ಮಾಡುವಂತಿಲ್ಲ, ಅವಳನ್ನಂತೂ ಮಾಡಲೇಬಾರದು.

ಹಾಗಾಗಿ ಕೋಟೆಯೊಳಗಿನ ದಿನಗಳಲ್ಲಿ ನನ್ನನ್ನೇ ಇಟ್ಟೆ. ಮಲ್ಲಮ್ಮ ಜೋಳ ಅಳೆಯುತ್ತಾಳೆ. ಕೈಯಲ್ಲಿರುವ ಸೇರು ನನ್ನ ಅತ್ತೆಯದು. ಇಚಲಕರಂಜಿಯಲ್ಲಿ ಮನೆಯವರು ದುಡಿಯುತ್ತಿದ್ದ ಪವರ್‌ಲೂಮ್ ನಿಂತ ತಿಂಗಳಲ್ಲಿ ನಾನೂ ಹೀಗೇ ಅಳೆದಿದ್ದೆ, ಸೇರಿನ ಬಾಯಿಗೆ ಅಂಗೈ ಸವರಿ, ಮೇಲಿನ ಕಾಳನ್ನು ಮರಳಿ ಚೀಲಕ್ಕೆ ಸುರಿದು. ಆ ಸವರುವ ಕೈ ನೋಡಿದೊಡನೆ ಮುಂದೆ ಕುಳಿತ ಹೆಂಗಸರಿಗೆ ಮುತ್ತಿಗೆ ಅರ್ಥವಾಗುತ್ತದೆ, ಭಾಷೆ ಯಾವುದಾದರೇನು! ಮನೆಯ ಬಡತನವನ್ನು ಮಂದಿಯೆದುರು ಹೇಳಬಹುದೆಂಬ ಧೈರ್ಯ ಕೊಟ್ಟದ್ದು ಕಾಗಲದವರೇ ಆದ ಆನಂದ ಯಾದವರ ಆತ್ಮಕಥನ ‘ಝೋಂಬಿ’.

ಇನ್ನು ಸೆರಗು. ಯುದ್ಧದುದ್ದಕ್ಕೂ ಇಳಕಲ್ ಸೀರೆಯ ಕೆಂಪು ಸೆರಗು ಸೊಂಟಕ್ಕೆ ಬಿಗಿದಿರುತ್ತದೆ. ಸೋತ ಮೇಲೆ ಅದನ್ನು ಸಾವಕಾಶ ಬಿಚ್ಚಿ, ತುದಿಯನ್ನು ಸುರುಳಿ ಸುತ್ತಿ ಮೊಳಕೈ ಮಡಿಚಿನಲ್ಲಿಟ್ಟರೆ ಕೂಸು. ಧಾರವಾಡದ ಹತ್ತಿರದ ಯಾದವಾಡದಲ್ಲಿ ಒಂದು ಕಲ್ಲಿದೆ. ಅದರಲ್ಲಿ ಮಹಾರಾಜರು ಮಲ್ಲಮ್ಮನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆ ಎನ್ನುತ್ತಾರೆ. ಮಹಾರಾಜರನ್ನು ನಾನು ಆಡುವುದಿಲ್ಲ. ಒಂದು ಖಾಲಿ ಕುರ್ಚಿ ಇಟ್ಟು, ಕೂಸನ್ನು ಅದರತ್ತ ಚಾಚುತ್ತೇನೆ. ಸೀರೆ ಹೆಗಲನ್ನು ಜಗ್ಗುತ್ತದೆ. ಪೂರ್ತಿ ಕೊಡಲು ಆಗುವುದಿಲ್ಲ. ತಾಲೀಮಿನಲ್ಲಿ ತಾನಾಗಿ ಸಿಕ್ಕ ಈ ಜಗ್ಗಾಟಕ್ಕಿಂತ ದೊಡ್ಡ ಸಂಭಾಷಣೆ ನನಗೆ ಬರೆಯಲು ಬಂದಿಲ್ಲ.

ಒಮ್ಮೆ ಆಟ ಮುಗಿದಾಗ ಪಕ್ಕದ ಓಣಿಯ ಮರಾಠಿ ಅಜ್ಜಿಯೊಬ್ಬಳು ಬಂದು ಯಾರು ಗೆದ್ದರೆಂದು ಕೇಳಲಿಲ್ಲ. “ಕೂಸು ಮತ್ತ ನಿನ್ನ ಕೈಗೆ ಬಂತೋ ಇಲ್ಲೋ, ಅದನ್ನ ತೋರಸಲೇ ಇಲ್ಲಲ್ಲ ಬಾಯಿ” ಅಂದಳು. ಖರೆ ಮಾತು. ಈಗ ಆ ಮರಳುವ ದಾರಿಯನ್ನೇ ತಾಲೀಮು ಮಾಡುತ್ತಿದ್ದೇನೆ: ಕುರ್ಚಿಯಿಂದ ನನ್ನತನಕ, ಮಾತಿಲ್ಲದೆ, ನಾಲ್ಕು ಹೆಜ್ಜೆ.